ಮಳೆಗಾಲ ತಡ್ಕೊಂಡ ಅಂಟು ಯಾವ್ದು? ತೋಟದ ಮಷಿನ್‌ಗಳಿಗೆ ಹಾಕಿ ನೋಡಿದ ಮೆಟಲ್ ಗಮ್‌ಗಳ ರಿವ್ಯೂ

ಹೋದ ವರ್ಷ ಮೇ ಕೊನೇಲಿ ಶುರುವಾಗಿದ್ದು ಇದು. ಮಳೆ ಹಿಡಿಯೋ ಮುಂಚೆ ಕಾಫಿಗೂ ಮೆಣಸಿನ ಬಳ್ಳಿಗೂ ಬೋರ್ಡೋ (ಮೈಲುತುತ್ತ ಅಂದ್ರೆ ಕಾಪರ್ ಸಲ್ಫೇಟ್, ಅದಕ್ಕೆ ಸುಣ್ಣ ಬೆರೆಸಿದ ರೋಗದ ಔಷಧಿ) ಹೊಡೆದು ಮುಗಿಸ್ಬೇಕು ಅಂತ ಎಚ್‌ಟಿಪಿ ಸ್ಪ್ರೇಯರ್, ಅಂದ್ರೆ ಜೋರು ಒತ್ತಡದಲ್ಲಿ ಔಷಧಿ ಹೊಡೆಯೋ ಪಂಪು, ಹೊರಗೆ ತೆಗೆದ್ವಿ, ಸ್ಟಾರ್ಟ್ ಮಾಡಿದ್ದೇ ತಡ ಇಡೀ ಮಷಿನ್ ಒಂದು ಕಡೆಗೆ ವಾಲ್ಕೊಂಡು ಗಡಗಡ ಅಂತ ಅಲ್ಲಾಡೋಕೆ ಶುರುವಾಯ್ತು. ಆಫ್ ಮಾಡಿ ಬಗ್ಗಿ ನೋಡಿದ್ರೆ ಪಂಪು ಕೂರೋ ನಾಲ್ಕು ಅಲ್ಯುಮಿನಿಯಂ ಕಾಲಲ್ಲಿ ಒಂದು ಕಾಲು ಬುಡದ ಹತ್ರ ತುಂಡಾಗಿತ್ತು. ಮುರಿದ ಜಾಗದ ಸುತ್ತ ಬಿಳಿ ಪುಡಿ ಪುಡಿ, ಗೆದ್ದಲು ತಿಂದ ಹಾಗೆ ಸಣ್ಣ ಸಣ್ಣ ಗುಳಿ. ಇದು ಮೈಲುತುತ್ತದ ಕೆಲಸ. ಬೋರ್ಡೋ ಮಾಡೋರಿಗೆಲ್ಲ ಗೊತ್ತಿರೋದೇ, 1 ಪರ್ಸೆಂಟ್ ಅಂದ್ರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ 1 ಕೆಜಿ ಸುಣ್ಣ, ಸುಣ್ಣ ಸಾಕಾಗಿದ್ಯಾ ಅಂತ ನೋಡೋಕೆ ಕಬ್ಬಿಣದ ಕತ್ತಿ ಅದ್ದಿ ತೆಗೀತೀವಿ, ಕತ್ತಿ ಮೇಲೆ ತಾಮ್ರದ ಬಣ್ಣ ಕೂತ್ರೆ ಇನ್ನೂ ಸುಣ್ಣ ಬೇಕು ಅಂತ ಅರ್ಥ. ಆ ತಾಮ್ರ ಕತ್ತಿ ಮೇಲೆ ಕೂರೋ ಹಾಗೇನೇ ಅಲ್ಯುಮಿನಿಯಂ ಮೇಲೂ ಕೂತು ಅದನ್ನ ತಿನ್ನುತ್ತೆ. ಕೆಲಸ ಮುಗಿದ ಮೇಲೆ ಮಷಿನ್‌ನ ಒಳಗೆ ತೊಳೀತೀವಿ, ಹೊರಗೆ ಕಾಲು ಬುಡ ಯಾರೂ ತೊಳೆಯಲ್ಲ. ಎಷ್ಟೋ ವರ್ಷದಿಂದ ತೊಟ್ಟಿಕ್ಕಿದ್ದೆಲ್ಲ ಅಲ್ಲೇ ಕೂತಿತ್ತು.

ನಮ್ಮದು ಕೊಡಗಿನ ಸುಂಟಿಕೊಪ್ಪದಿಂದ ಒಳಗೆ, ಸಣ್ಣ ತೋಟ. ಮುರಿದಿದ್ದನ್ನ ಚೀಲದಲ್ಲಿ ಹಾಕ್ಕೊಂಡು ನಮ್ಮ ಕಾಯಂ ವೆಲ್ಡಿಂಗ್ ಅಣ್ಣನ ಹತ್ರ ಹೋದೆ. ಅವ್ರು ನೋಡಿದ್ದೇ, "ಅಕ್ಕ, ಇದು ನನ್ ಮಷಿನ್‌ನಲ್ಲಿ ಆಗಲ್ಲ. ಅಲ್ಯುಮಿನಿಯಂಗೆ ಆರ್ಗಾನ್ ಗ್ಯಾಸ್ ವೆಲ್ಡಿಂಗ್ ಬೇಕು. ಆರ್ಗಾನ್ ಇರೋರೂ ಇಷ್ಟು ತಿಂದೋಗಿರೋದನ್ನ ಮುಟ್ಟೋದು ಡೌಟೇ. ಕಬ್ಬಿಣ ಆದ್ರೆ ಕಾದಾಗ ಕೆಂಪಗಾಗುತ್ತೆ, ಗೊತ್ತಾಗುತ್ತೆ. ಇದು ಬಣ್ಣನೇ ಬದಲಾಯಿಸದೆ ಒಂದ್ಸಲಕ್ಕೆ ಕರಗಿ ಕೆಳಗೆ ಬಿದ್ದೋಗುತ್ತೆ" ಅಂದ್ರು. ಸ್ಪೇರ್ ಕೇಳಿದ್ರೆ ಬರೀ ಕಾಲು ಬರಲ್ಲ, ಪೂರ್ತಿ ಬಾಡಿ ತಗೋಬೇಕು, ಅದೂ ಹದಿನೈದು ದಿನ. ಆಕಾಶ ನೋಡಿದ್ರೆ ನಾಲ್ಕೈದು ದಿನ ಬಿಡುವು ಸಿಕ್ಕಿದ್ರೆ ಹೆಚ್ಚು. ಹಂಗಾಗಿ ಅಂಟಿಸೋಣ ಅಂತ ಹೊರಟೆ, ಆಮೇಲೆ ಅದೇ ಒಂದು ವರ್ಷದ ಪ್ರಯೋಗ ಆಯ್ತು, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಮಷಿನ್), ಕಳೆ ಕೊಚ್ಚೋ ಮಷಿನ್, ಗೇಟಿನ ಬೋರ್ಡು ಎಲ್ಲಕ್ಕೂ ಒಂದೊಂದು ಥರದ ಅಂಟು ಹಾಕಿ ನೋಡಿದೀನಿ. ಯಾರಾದ್ರೂ ಇದೇ ಸ್ಥಿತೀಲಿ ಇದ್ರೆ ದುಡ್ಡು, ಟೈಮು ಉಳೀಲಿ ಅಂತ ಬರೀತಿದೀನಿ.

ಮೊದಲು ಹಾಕಿದ್ದು ಎಲ್ಲರ ಮನೆ ಡ್ರಾಯರ್‌ನಲ್ಲಿ ಇರೋ ಆ ಒಂದು ತೊಟ್ಟು ಹಾಕಿದ್ರೆ ಫಟ್ ಅಂತ ಹಿಡಿಯೋ ಗಮ್ಮು. ಹಿಡೀತು. ಕೈಯಲ್ಲಿ ಎಳೆದ್ರೂ ಬರ್ಲಿಲ್ಲ, ಖುಷಿಯಾಯ್ತು. ಮಷಿನ್ ಆನ್ ಮಾಡಿ ಒಂದು ನಿಮಿಷಕ್ಕೆ ಟಕ್ ಅಂತ ಬಿಟ್ಕೊಂಡ್ತು. ಇದರಲ್ಲಿ ಆ ಗಮ್ಮಿನ ತಪ್ಪು ಏನೂ ಇಲ್ಲ, ಅದರ ಜಾತಿನೇ ಹಂಗೆ. ಸಯನೋಅಕ್ರಿಲೇಟ್ ಅಂತಾರೆ ಅದನ್ನ, ಗಾಳೀಲಿ, ವಸ್ತು ಮೇಲೆ ಇರೋ ಒಂಚೂರು ತೇವದಿಂದಲೇ ಗಟ್ಟಿಯಾಗುತ್ತೆ, ಗಟ್ಟಿಯಾದ ಮೇಲೆ ಗಾಜಿನ ಥರ. ನೇರ ಎಳೆದ್ರೆ ಬಲ ಇದೆ, ಏಟು ಬಿದ್ರೆ, ಅದುರಿದ್ರೆ ಒಡೀತದೆ. ಮತ್ತೆ ಎರಡು ಮುಖ ಒಂದಕ್ಕೊಂದು ಪೂರ್ತಿ ಕೂತಿರ್ಬೇಕು, ಮಧ್ಯೆ ಸಂದಿ ಇದ್ರೆ ತುಂಬಲ್ಲ, ನಮ್ಮ ಕಾಲು ನೋಡಿದ್ರೆ ತುಂಬ ಗುಳಿ. ಎಂಜಿನ್ ಹತ್ರ ಬಿಸೀನೂ ಇರುತ್ತೆ, ಸಾಮಾನ್ಯ ಸಯನೋಅಕ್ರಿಲೇಟು 80 ಡಿಗ್ರಿ ಆಸುಪಾಸಿಗೇ ಸೋಲುತ್ತೆ. ಗಡಿಯಾರದ ಸಣ್ಣ ಭಾಗ, ಸರದ ಕೊಂಡಿ, ಗ್ಯಾಸ್ಕೆಟ್ ಹಾಕುವಾಗ ರಬ್ಬರ್ ತುಂಡು ಜಾರದ ಹಾಗೆ ಹಿಡಿಸೋಕೆ, ಇಂಥದಕ್ಕೆ ಇಟ್ಕೊಳ್ಳಿ. ಒಂದು ಮಾತು ಮಾತ್ರ ಮರೀಬೇಡಿ, ಹತ್ತಿ ಗ್ಲೌಸ್ ಹಾಕ್ಕೊಂಡು ಅಥವಾ ಹತ್ತಿ ಬಟ್ಟೇಲಿ ಒರೆಸ್ತಾ ಇದನ್ನ ಬಳಸ್ಬೇಡಿ, ಹತ್ತಿಗೆ ತಾಗಿದ್ರೆ ಬಿಸಿ ಏರಿ ಹೊಗೆ ಬರುತ್ತೆ, ಕೈ ಸುಡುತ್ತೆ.

ಎರಡನೇದು 5 ನಿಮಿಷದ ಎಪಾಕ್ಸಿ, ಎರಡು ಟ್ಯೂಬ್ ಬರೋದು, ಒಂದು ರೆಸಿನ್, ಇನ್ನೊಂದು ಅದನ್ನ ಗಟ್ಟಿ ಮಾಡೋ ಹಾರ್ಡ್ನರ್, ಬೆರೆಸಿ ಹಚ್ಚೋದು. ಇದನ್ನ ಜೂನ್ ಮೊದಲ ವಾರ, ಶೆಡ್ಡಿನ ಬಾಗಿಲಲ್ಲಿ ನಿಂತು, ಹೊರಗೆ ಜಡಿಮಳೆ ಸುರೀತಿರುವಾಗ ಹಚ್ಚಿದ್ದು. ಹತ್ತು ನಿಮಿಷಕ್ಕೆ ಕಲ್ಲಾಯ್ತು, ಮಾರನೇ ದಿನ ಮಷಿನ್ ಓಡಿಸಿದ್ವಿ, ನಾಲ್ಕನೇ ದಿನ ಬಿದ್ದೋಯ್ತು. ಬೇಜಾರಾಗಿದ್ದು ನಿಜ, ಆದ್ರೆ ಈ ಸಲ ಬಿಸಾಕದೆ ಮುರಿದ ಎರಡೂ ತುಂಡನ್ನ ಬೆಳಕಿಗೆ ಹಿಡಿದು ಚೆನ್ನಾಗಿ ನೋಡಿದೆ. ಇದನ್ನೇ ನೀವೂ ಮಾಡಿ ಅಂತ ಕೇಳ್ಕೋತೀನಿ. ಅಂಟೆಲ್ಲ ಒಂದೇ ಕಡೆ ಉಳಿದಿತ್ತು, ಇನ್ನೊಂದು ಕಡೆ ಲೋಹ ಪೂರ್ತಿ ಬೋಳು, ಹಪ್ಪಳ ಎದ್ದ ಹಾಗೆ ಅಂಟು ಅಲ್ಲಿಂದ ಎದ್ದು ಬಂದಿತ್ತು. ಅಂದ್ರೆ ಅಂಟಿನ ಬಲ ಸಾಲದೆ ಮುರಿದಿದ್ದಲ್ಲ, ಅದು ಆ ಕಡೆ ಲೋಹಾನ ಹಿಡಿದೇ ಇರ್ಲಿಲ್ಲ. ಎರಡೂ ಮುಖದ ಮೇಲೆ ಅಂಟು ಉಳಿದು, ಅಂಟಿನ ಮಧ್ಯೆ ಸೀಳಿದ್ರೆ ಆಗ ಅಂಟು ಸಾಲ್ಲಿಲ್ಲ ಅನ್ಬಹುದು, ಇನ್ನೂ ಗಟ್ಟಿ ಅಂಟು ಹುಡುಕ್ಬಹುದು. ಒಂದು ಮುಖ ಬೋಳಾಗಿ ಬಂದ್ರೆ ಎಷ್ಟೇ ದುಬಾರಿ ಅಂಟು ತಂದ್ರೂ ಮತ್ತೆ ಅದೇ ಕಥೆ, ತಪ್ಪು ಇರೋದು ತೊಳೆದಿದ್ರಲ್ಲಿ, ಉಜ್ಜಿದ್ರಲ್ಲಿ, ತೇವದಲ್ಲಿ. ಆನ್‌ಲೈನ್‌ನಲ್ಲಿ ಒಂದು ಸ್ಟಾರ್ ಕೊಟ್ಟು "ವೇಸ್ಟ್, ಹಿಡಿಯಲ್ಲ" ಅಂತ ಬರ್ದಿರ್ತಾರಲ್ಲ, ಅವ್ರು ಫೋಟೋ ಹಾಕಿದ್ರೆ ನೋಡಿ, ತುಂಬಾ ಕಡೆ ಒಂದು ಮುಖ ಬೋಳಾಗಿರುತ್ತೆ.

ನಮ್ಮ ಕಡೆ ಮಳೆಗಾಲದಲ್ಲಿ ಶೆಡ್ಡಲ್ಲಿಟ್ಟ ಲೋಹ ಯಾವಾಗ್ಲೂ ಬೆವರ್ತಾ ಇರುತ್ತೆ. ಕಣ್ಣಿಗೆ ಕಾಣಲ್ಲ, ಬೆರಳು ಸವರಿದ್ರೂ ಗೊತ್ತಾಗಲ್ಲ, ಆದ್ರೆ ತಣ್ಣಗಿರೋ ಲೋಹದ ಮೇಲೆ ನೀರಿನ ತೆಳು ಪೊರೆ ಕೂತಿರುತ್ತೆ. ಎಪಾಕ್ಸಿ ಆ ಪೊರೆ ಮೇಲೆ ಕೂತು ಗಟ್ಟಿಯಾಗುತ್ತೆ ಅಷ್ಟೇ. ಅಲ್ಯುಮಿನಿಯಂಗೆ ಇನ್ನೊಂದು ತಾಪತ್ರಯ, ಉಜ್ಜಿದ ಕೂಡಲೇ ಗಾಳಿ ತಾಗಿ ಹೊಸ ಆಕ್ಸೈಡ್ ಪದರ ಬರೋಕೆ ಶುರು, ತೇವ ಇದ್ರೆ ಅದು ದಿನ ಕಳೆದ ಹಾಗೆ ದಪ್ಪ ಆಗಿ ಪುಡಿಯಾಗುತ್ತೆ, ಅದಕ್ಕೆ ಇವತ್ತು ಉಜ್ಜಿಟ್ಟು ನಾಳೆ ಅಂಟಿಸ್ತೀನಿ ಅನ್ನೋದು ನಡೆಯಲ್ಲ. ಉಜ್ಜಿ, ಒರೆಸಿ, ಅರ್ಧ ಗಂಟೆ ಒಳಗೆ ಅಂಟು ಬಿದ್ದಿರ್ಬೇಕು.

ಕ್ಲೀನ್ ಆಗಿದ್ಯಾ ಇಲ್ವಾ ಅಂತ ನೋಡೋಕೆ ಒಂದು ಪರೀಕ್ಷೆ ಇದೆ, ಖರ್ಚಿಲ್ಲದ್ದು. ಉಜ್ಜಿದ ಜಾಗದ ಮೇಲೆ ಶುದ್ಧ ನೀರು ಹಾಕಿ. ಕೆಸದ ಎಲೆ ಮೇಲೆ ಹಾಕಿದ ಹಾಗೆ ಮುತ್ತು ಮುತ್ತಾಗಿ ಉರುಳಿ ಓಡಿದ್ರೆ ಇನ್ನೂ ಜಿಡ್ಡಿದೆ. ಪೂರ್ತಿ ಒದ್ದೆ ಬಟ್ಟೆ ಹೊದ್ದಿಸಿದ ಹಾಗೆ ಒಂದೇ ಸಮ ಹರಡಿ ನಿಂತ್ರೆ ಜಿಡ್ಡು ಹೋಗಿದೆ. ಆಮೇಲೆ ಆ ನೀರನ್ನ ಪೂರ್ತಿ ಒಣಗಿಸ್ಬೇಕು, ಅದು ಬೇರೆ ವಿಷ್ಯ. ನಾನು ಮೊದಲು ಪೆಟ್ರೋಲಲ್ಲಿ ಒರೆಸ್ತಿದ್ದೆ, ಎಲ್ಲ ಗ್ಯಾರೇಜಲ್ಲೂ ಹಂಗೇ ಮಾಡ್ತಾರೆ, ಆದ್ರೆ ಪೆಟ್ರೋಲ್ ಆರಿದ ಮೇಲೆ ತಾನೇ ಒಂದು ಜಿಡ್ಡು ಬಿಟ್ಟು ಹೋಗುತ್ತೆ, ನೀರು ಹಾಕಿ ನೋಡಿದಾಗ ಮುತ್ತು ಮುತ್ತೇ ಬಂತು. ಜಿಡ್ಡು ಕರಗಿಸೋ ಅಸಿಟೋನ್ ತಂದ ಮೇಲೆ ಸರಿಹೋಯ್ತು. ನೈಲ್ ಪಾಲಿಶ್ ತೆಗೆಯೋ ಬಾಟ್ಲಿ ಬೇಡ, ಅದರಲ್ಲಿ ಕೈ ಒಣಗದ ಹಾಗೆ ಎಣ್ಣೆ ಅಂಶ ಸೇರಿಸಿರ್ತಾರೆ. ಮೊದಲು ಒರೆಸಿ ಜಿಡ್ಡು ತೆಗೀಬೇಕು, ಆಮೇಲೆ ಒರಟು ಎಮರಿ ಪೇಪರಲ್ಲಿ ಅಡ್ಡ ಉದ್ದ ಎರಡೂ ಕಡೆಯಿಂದ ಉಜ್ಜಬೇಕು, ಆಮೇಲೆ ಮತ್ತೆ ಹೊಸ ಬಟ್ಟೇಲಿ ಒರೆಸ್ಬೇಕು. ಮೊದಲೇ ಉಜ್ಜಿದ್ರೆ ಜಿಡ್ಡನ್ನ ಗೀರಿನ ಒಳಗೆ ತುಂಬಿದ ಹಾಗಾಗುತ್ತೆ.

ಇಷ್ಟು ಗೊತ್ತಾದ ಮೇಲೆ ಮೂರನೇ ಸಲ ಹಾಕಿದ್ದು ಅರಾಲ್ಡೈಟ್, ಸ್ಟ್ಯಾಂಡರ್ಡ್ ಅನ್ನೋದು, ನಿಧಾನದ್ದು. ಮಡಿಕೇರೀಲಿ ಶುಕ್ರವಾರ ಸಂತೆಗೆ ಹೋದಾಗ ಹಾರ್ಡ್‌ವೇರ್ ಅಂಗಡೀಲಿ ತಗೊಂಡೆ. ಅಂಗಡಿಯವ್ರು ಫಾಸ್ಟ್ ಇರೋದೇ ಕೊಡೋಕೆ ಬಂದ್ರು, ಎಲ್ಲರೂ ಅದನ್ನೇ ಕೇಳ್ತಾರಂತೆ. ನನ್ನ ಅಭಿಪ್ರಾಯ, ಲೋಹಕ್ಕೆ ಟೈಮ್ ಇರೋರು ನಿಧಾನದ್ದೇ ತಗೊಳ್ಳಿ. ಬೇಗ ಗಟ್ಟಿಯಾಗೋ ಎಪಾಕ್ಸಿ ಸಾಮಾನ್ಯವಾಗಿ ಬಲದಲ್ಲೂ, ನೀರು ತಡೆಯೋದ್ರಲ್ಲೂ, ಬಿಸಿ ತಡೆಯೋದ್ರಲ್ಲೂ ನಿಧಾನದ್ದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಮತ್ತೆ ನಿಧಾನದ್ದು ಗೀರುಗಳ ಒಳಗೆಲ್ಲ ಹರಿದು ಕೂರೋಕೆ ಟೈಮ್ ತಗೊಳುತ್ತೆ, ನಮಗೂ ಸರಿಯಾಗಿ ಕೂರಿಸೋಕೆ ಟೈಮ್ ಸಿಗುತ್ತೆ. ಅರಾಲ್ಡೈಟ್ ಹೆಸರು ಹೊಸದಲ್ಲ, ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ 1946ರಲ್ಲೇ ತಂದಿದ್ದು, ಈಗ ನಮ್ಮ ದೇಶದಲ್ಲಿ ಅದು ಪಿಡಿಲೈಟ್‌ನವರ ಕೈಲಿದೆ, 2020ರಲ್ಲಿ ತಗೊಂಡ್ರು. ಎರಡು ಟ್ಯೂಬಿಂದ ಸಮಸಮ ಹಿಂಡಬೇಕು. ಇಲ್ಲಿ ಕೈ ಬಿಗಿ ಮಾಡೋದಾಗ್ಲಿ, ಬೇಗ ಗಟ್ಟಿಯಾಗ್ಲಿ ಅಂತ ಹಾರ್ಡ್ನರ್ ಜಾಸ್ತಿ ಹಾಕೋದಾಗ್ಲಿ ಬೇಡ್ವೇ ಬೇಡ. ಇದು ಹಾಲಿಗೆ ಹೆಪ್ಪು ಹಾಕಿದ ಹಾಗಲ್ಲ, ಒಂಚೂರು ಹೆಪ್ಪು ಇಡೀ ಪಾತ್ರೆ ಹಾಲನ್ನ ಮೊಸರು ಮಾಡುತ್ತೆ, ಇಲ್ಲಿ ಹಾರ್ಡ್ನರ್ ತಾನೇ ರೆಸಿನ್ ಜೊತೆ ಸೇರಿ ಅಂಟಿನ ಭಾಗ ಆಗ್ಬೇಕು, ಒಂದು ಜಾಸ್ತಿಯಾದ್ರೆ ಜೋಡಿ ಸಿಗದೆ ಉಳಿದಿದ್ದು ಹಾಗೇ ಮೆತ್ತಗೆ ಉಳಿಯುತ್ತೆ. ಒಂದು ತಗಡಿನ ಮೇಲೆ ಹರಡಿ ಎರಡು ಮೂರು ನಿಮಿಷ ಚೆನ್ನಾಗಿ ಕಲಸಿ, ಮೂಲೇದು ಅಂಚಿಂದು ಎಲ್ಲ ಕೆರೆದು ಸೇರಿಸಿ. ಸಣ್ಣ ಲೋಟದಲ್ಲಿ ಗುಡ್ಡೆ ಹಾಕಿ ಬೆರೆಸಿದ್ರೆ ಒಳಗೆ ಬಿಸಿ ಏರಿ ಹಚ್ಚೋ ಮುಂಚೆನೇ ಗಟ್ಟಿಯಾಗ್ಬಹುದು.

ಚಳಿ ತೇವದ ಬಗ್ಗೆ ಪ್ಯಾಕೆಟ್ ಮೇಲೆ ಸಣ್ಣಕ್ಷರದಲ್ಲಿರುತ್ತೆ, ನಮ್ಮ ಕಡೆಯವ್ರಿಗೆ ಅದೇ ಮುಖ್ಯ. ಪ್ಯಾಕೆಟ್ ಮೇಲಿನ ಗಂಟೆ ಲೆಕ್ಕ ಎಲ್ಲ 25 ಡಿಗ್ರಿ ಆಸುಪಾಸಿಂದು. 10 ಡಿಗ್ರಿ ಇಳಿದ್ರೆ ಗಟ್ಟಿಯಾಗೋ ಟೈಮು ಹೆಚ್ಚುಕಮ್ಮಿ ಎರಡರಷ್ಟಾಗುತ್ತೆ. ಜುಲೈ ರಾತ್ರಿ ನಮ್ಮ ಶೆಡ್ಡಲ್ಲಿ ಇಟ್ರೆ ಬೆಳಿಗ್ಗೆಗೆ ಇನ್ನೂ ಅಂಟಂಟು. ಅದಕ್ಕೆ ನಾನು ಬಚ್ಚಲ ಒಲೆ ಹಿಡ್ಕೊಂಡೆ. ಹಂಡೆ ಒಲೆ ಪಕ್ಕದ ಕಟ್ಟೆ ಯಾವಾಗ್ಲೂ ಬೆಚ್ಚಗೆ ಒಣಗಿರುತ್ತಲ್ಲ, ಅಂಟಿಸೋಕೆ ಒಂದು ಗಂಟೆ ಮುಂಚೆ ಎರಡೂ ತುಂಡನ್ನ ಕಾಗದದಲ್ಲಿ ಸುತ್ತಿ ಅಲ್ಲಿಟ್ಟೆ, ಕೈಗೆ ಬೆಚ್ಚಗೆ ಅನ್ಸೋಷ್ಟು. ಬೆಚ್ಚಗಾದ ಲೋಹದ ಮೇಲೆ ತೇವ ಕೂರಲ್ಲ, ಅಂಟು ಹಚ್ಚಿದಾಗ ತುಪ್ಪದ ಹಾಗೆ ಹರಿದು ಗುಳಿ ಗುಳಿಗೆ ಇಳೀತು. ಅಂಟಿಸಿದ ಮೇಲೆ ಮತ್ತೆ ಹೊಗೆ ತಾಗದ ಹಾಗೆ ಡಬ್ಬ ಕವಚಿ ಎರಡು ರಾತ್ರಿ ಅಲ್ಲೇ. ಒಲೆ ಇಲ್ದಿರೋರು ರಟ್ಟಿನ ಪೆಟ್ಟಿಗೇಲಿ 60 ವ್ಯಾಟ್‌ನ ಹಳೇ ಕಾಲದ ಬಲ್ಬ್ ಹಾಕಿಟ್ರೂ ಆಗುತ್ತೆ, ರಟ್ಟಿಗೆ ಬಲ್ಬ್ ತಾಗದ ಹಾಗೆ, ನೀವು ಎದ್ದಿರೋವಾಗ. ಅಸಿಟೋನ್ ಒರೆಸೋ ಕೆಲ್ಸ ಮಾತ್ರ ಒಲೆಯಿಂದ ದೂರ, ಅಂಗಳದಲ್ಲಿ. ಅದರ ಆವಿ ಬೆಂಕಿ ಹಿಡಿಯೋದು ಕಣ್ಣು ಮಿಟುಕಿಸೋದ್ರಲ್ಲಿ.

ಬರೀ ಮುರಿದ ಬಾಯಿಗೆ ಬಾಯಿ ಕೂಡಿಸಿದ್ರೆ ಈ ಸಲಾನೂ ಬಿದ್ದೋಗ್ತಿತ್ತು ಅನ್ಸುತ್ತೆ. ವೆಲ್ಡಿಂಗ್ ಅಣ್ಣನೇ ಹೇಳಿದ್ದು, "ಅಕ್ಕ, ಪಟ್ಟಿ ಕೊಡಿ" ಅಂತ. 3 ಎಂಎಂ ದಪ್ಪ, 25 ಎಂಎಂ ಅಗಲದ ಪಟ್ಟಿ ಅಂತ ಇಟ್ಕೊಳ್ಳಿ, ತುದಿಗೆ ತುದಿ ಅಂಟಿಸಿದ್ರೆ ಅಂಟಿಗೆ ಸಿಗೋ ಜಾಗ 75 ಚದರ ಎಂಎಂ. ಅದನ್ನೇ 25 ಎಂಎಂ ಒಂದರ ಮೇಲೊಂದು ಹಾಯಿಸಿ ಅಂಟಿಸಿದ್ರೆ 625. ಎಂಟು ಪಟ್ಟು ಜಾಗ, ಅದೇ ಅಂಟು ಅದೇ ದುಡ್ಡು. ಹಂಗಾಗಿ ಮುರಿದ ಕಾಲಿನ ಎರಡೂ ಪಕ್ಕಕ್ಕೆ ಅಲ್ಯುಮಿನಿಯಂ ಪಟ್ಟಿ ಕೊಟ್ಟು, ಪಟ್ಟಿಗೂ ಕಾಲಿಗೂ ಮಧ್ಯೆ ಅಂಟು ತುಂಬಿ, ಒಂದು ಬೋಲ್ಟ್ ಆರ್ಪಾರು ಹಾಕಿದ್ವಿ. ಬೋಲ್ಟ್ ಯಾಕೆ ಅಂದ್ರೆ ಅಂಟಿನ ಸ್ವಭಾವ. ಜಿಗಣೆ ಹಿಡಿದಾಗ ನೋಡಿ, ನಡು ಹಿಡಿದು ಎಳೆದ್ರೆ ರಬ್ಬರ್ ಥರ ಉದ್ದ ಬರುತ್ತೆ, ಬಿಡಲ್ಲ. ಉಗುರು ತುದೀನ ಅದರ ಬಾಯಂಚಿಗೆ ಕೊಟ್ಟು ಎಬ್ಬಿಸಿದ್ರೆ ಬಂದ್ಬಿಡುತ್ತೆ. ಅಂಟೂ ಹಂಗೇ, ಒಂದರ ಮೇಲೊಂದು ಜಾರಿಸೋಕೆ ನೋಡಿದ್ರೆ ಇಡೀ ಜಾಗ ಒಟ್ಟಿಗೆ ತಡೆಯುತ್ತೆ, ಅಂಚಿಂದ ಎಬ್ಬಿಸಿದ್ರೆ ಆ ಅಂಚಿನ ಒಂದು ಗೆರೆ ಮಾತ್ರ ಒಬ್ಬಂಟಿಯಾಗಿ ತಡೀಬೇಕು, ಸೋಲುತ್ತೆ. ಬೋಲ್ಟ್ ಇದ್ರೆ ಅಂಚು ಏಳಲ್ಲ. ಬಿಗಿಯೋದು ಮಾತ್ರ ಹದವಾಗಿ, ಪೂರ್ತಿ ಶಕ್ತಿ ಹಾಕಿ ಬಿಗಿದ್ರೆ ಅಂಟೆಲ್ಲ ಹೊರಗೆ ಹಿಂಡಿ ಬಂದು ಮಧ್ಯೆ ಒಣ ಉಳಿಯುತ್ತೆ. 0.1, 0.2 ಎಂಎಂ ಅಂಟು ಮಧ್ಯೆ ಉಳಿದಿರ್ಬೇಕು.

ಆ ಕಾಲು ಜುಲೈ, ಆಗಸ್ಟ್ ಪೂರ್ತಿ ಮಳೆ ನೋಡ್ತು, ಮಳೆ ಬಿಡುವಲ್ಲಿ ಎರಡನೇ ಬೋರ್ಡೋ ಆಯ್ತು, ಈ ವರ್ಷದ್ದೂ ಆಯ್ತು. ಕೈಲ್ ಮುಹೂರ್ತದ ದಿನ, ಅಂದ್ರೆ ನಮ್ಮ ಕೊಡಗಿನ ಆಯುಧ ಪೂಜೆ ಹಬ್ಬದ ದಿನ, ಕತ್ತಿ, ಮಷಿನ್ ಎಲ್ಲ ತೊಳೆದು ಸಾಲಾಗಿಟ್ಟಾಗ ಕಾಲಿನ ಅಂಚೆಲ್ಲ ಉಗುರಲ್ಲಿ ಕೆರೆದು ನೋಡಿದೆ, ಎಲ್ಲೂ ಎದ್ದಿಲ್ಲ. ಈಗ ಅಂಟಿನ ಜೊತೆಗೆ ಹೊರಗಡೆಗೂ ಒಂದು ಪದರ ಎಪಾಕ್ಸಿ ಬಳಿದಿದೀನಿ, ಮೈಲುತುತ್ತ ನೇರ ಅಲ್ಯುಮಿನಿಯಂಗೆ ತಾಗ್ಬಾರ್ದು ಅಂತ. ಉಳಿದ ಮೂರು ಕಾಲಿಗೂ ಬಳಿದೆ. ಅರಾಲ್ಡೈಟ್‌ಗೆ ನಾನು ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಅರ್ಧ ಕಳೆದಿದ್ದು ಬಿಸಿ ವಿಷಯಕ್ಕೆ, 60-70 ಡಿಗ್ರಿ ದಾಟಿದ್ರೆ ಮೆತ್ತಗಾಗೋಕೆ ಶುರು, ಸೈಲೆನ್ಸರ್ ಹತ್ರ, ಎಂಜಿನ್ ಹೆಡ್ ಹತ್ರ ಬೇಡ. ಅದರಿಂದ ಒಂದು ಉಪಕಾರನೂ ಇದೆ, ತಪ್ಪಾಗಿ ಅಂಟಿಸಿದ್ರೆ ಹೀಟ್ ಗನ್ ಹಿಡಿದ್ರೆ ಬಿಡಿಸ್ಬಹುದು.

ಒಂದು ಡೌಟು ಎಲ್ಲರಿಗೂ ಇರುತ್ತೆ, ನಮ್ಮ ಚಿಕ್ಕಪ್ಪನೂ ಕೇಳಿದ್ರು, "ಲೋಹನ ಗೋಂದಲ್ಲಿ ಅಂಟಿಸೋದುಂಟೇನು ಮಗಾ, ಅದೇನು ಕಾಗದವಾ" ಅಂತ. 1949ರಲ್ಲಿ ಮೊದಲ ಸಲ ಹಾರಿದ ಕಾಮೆಟ್ ಅನ್ನೋ ಜೆಟ್ ಪ್ಯಾಸೆಂಜರ್ ವಿಮಾನದಲ್ಲೇ ಅಲ್ಯುಮಿನಿಯಂ ಭಾಗಗಳನ್ನ ರೆಡಕ್ಸ್ ಅನ್ನೋ ಅಂಟಲ್ಲಿ ಕೂಡಿಸಿದ್ರು. ಅವ್ರು ಶಾಖ ಕೊಟ್ಟು, ಒತ್ತಡ ಕೊಟ್ಟು, ಆಸಿಡ್‌ನಲ್ಲಿ ತೊಳೆದು ಮಾಡ್ತಾರೆ, ನಾವು ಬಚ್ಚಲ ಒಲೇಲಿ ಮಾಡ್ತೀವಿ, ಆದ್ರೆ ಅಲ್ಲೂ ಇಲ್ಲೂ ತೊಳೆಯೋದು, ಒಣಗಿಸೋದು, ಬೆಚ್ಚಗಿಡೋದು ಇದೇ ಕೆಲಸ.

ಡಿಸೆಂಬರಲ್ಲಿ ಅರೇಬಿಕಾ ಕುಯ್ಲು ಜೋರಲ್ಲಿರುವಾಗ ಪಲ್ಪರ್‌ನ ಬೀಡು ಕಬ್ಬಿಣದ ಕಾಲಿನ ಒಂದು ಕಿವಿ ಬಿರುಕು ಬಿಡ್ತು. ಅದಕ್ಕೆ ಜೆಬಿ ವೆಲ್ಡ್ ಹಾಕಿದ್ದು. ಅಮೆರಿಕದ ಟೆಕ್ಸಸ್‌ನಲ್ಲಿ ಶುರುವಾದ ಕಂಪನಿದು, ಕಪ್ಪು ಬೂದು ಬಣ್ಣ, ಎಪಾಕ್ಸಿ ಒಳಗೆ ಉಕ್ಕಿನ ಪುಡಿ ಇರೋದು. ಇಲ್ಲಿ ಅಂಗಡೀಲಿ ಸಿಕ್ಕಿಲ್ಲ, ಆನ್‌ಲೈನ್ ತರಿಸಿದ್ದು, ಆಮದು ಮಾಲಾದ್ರಿಂದ ಅರಾಲ್ಡೈಟ್‌ಗಿಂತ ಎಷ್ಟೋ ಪಟ್ಟು ದುಬಾರಿ. ಒರಿಜಿನಲ್ ಅನ್ನೋದ್ರ ಮೇಲೆ 5020 ಪಿಎಸ್ಐ ಅಂತ ಬರ್ದಿದೆ, ನಮ್ಮ ಲೆಕ್ಕದಲ್ಲಿ ಒಂದು ಚದರ ಸೆಂಟಿಮೀಟರ್‌ಗೆ 350 ಕೆಜಿ ಹತ್ರ. ಅದು ಲ್ಯಾಬಲ್ಲಿ ಬಂದ ನಂಬರ್, ತೋಟದಲ್ಲಿ ಅದರ ಅರ್ಧ ಸಿಕ್ಕಿದ್ರೂ ನಮಗೆ ಬೇಕಾದಷ್ಟಾಯ್ತು ಅಂತ ಇಟ್ಕೊಳ್ಳಿ. ಬಿಸಿ 287 ಡಿಗ್ರಿವರೆಗೆ ಅಂತ ಹೇಳ್ತಾರೆ, ಬೇರೆ ಎಪಾಕ್ಸಿ ಸೋಲೋ ಕಡೆ ಇದು ಬೇಕಾಗೋದು ಅದಕ್ಕೇನೇ. 4ರಿಂದ 6 ಗಂಟೇಲಿ ನಿಲ್ಲುತ್ತೆ, ಪೂರ್ತಿ ಗಟ್ಟಿಯಾಗೋಕೆ 15ರಿಂದ 24 ಗಂಟೆ. ಅದರಲ್ಲೇ ಕ್ವಿಕ್ ವೆಲ್ಡ್ ಅಂತ 6 ನಿಮಿಷದ್ದೂ ಇದೆ, ಅದರ ಬಲ 3127 ಪಿಎಸ್ಐ ಅಂತ ಅವ್ರೇ ಬರ್ದಿದಾರೆ, ನಾನು ನಿಧಾನದ್ದೇ ತಗೊಳ್ಳಿ ಅಂದಿದ್ದು ಯಾಕೆ ಅಂತ ಈ ಎರಡು ನಂಬರ್ ನೋಡಿದ್ರೆ ಗೊತ್ತಾಗುತ್ತೆ.

ಬೀಡು ಕಬ್ಬಿಣ ಸ್ಪಂಜಿನ ಹಾಗೆ ವರ್ಷಗಟ್ಟಲೆ ಎಣ್ಣೆ ಕುಡ್ದಿರುತ್ತೆ. ಮೇಲೆ ಒರೆಸಿ ಕ್ಲೀನ್ ಮಾಡಿದ್ರೂ ಸ್ವಲ್ಪ ಹೊತ್ತಲ್ಲಿ ಒಳಗಿಂದ ಮತ್ತೆ ಜಿಡ್ಡು ಒಸರುತ್ತೆ. ಅದಕ್ಕೆ ಬಿಸಿ ಮಾಡಿ, ಒಸರಿದ್ದನ್ನ ಒರೆಸಿ, ಆರಿದ ಮೇಲೆ ಅಸಿಟೋನ್, ಮತ್ತೆ ಬಿಸಿ, ಹಿಂಗೆ ಮೂರು ಸಲ ಮಾಡಿದ ಮೇಲೆ ನೀರು ಹರಡಿ ನಿಂತಿದ್ದು. ಬಿರುಕಿನ ಎರಡೂ ತುದೀಲಿ ಸಣ್ಣ ತೂತು ಕೊರೆಸಿದ್ವಿ, ಇಲ್ಲಾಂದ್ರೆ ಅದುರಿದಾಗ ಬಿರುಕು ಮುಂದಕ್ಕೆ ಓಡುತ್ತೆ. ಬಿರುಕಿನ ಉದ್ದಕ್ಕೂ ವಿ ಆಕಾರದಲ್ಲಿ ಕೊರೆದು ತುಂಬಿದ್ದು. ಮೂರು ವಾರ ದಿನಾ ಹಣ್ಣು ಬಿದ್ದಿದೆ, ನಿಂತಿದೆ. ಹೆಸರಲ್ಲಿ ವೆಲ್ಡ್ ಅಂತ ಇದ್ರೂ ವೆಲ್ಡಿಂಗ್ ಕೆಲಸ ಇದು ಮಾಡಲ್ಲ, ಆ ಕಿವಿ ಮೇಲೆ ಇಡೀ ಪಲ್ಪರ್ ಭಾರ ಇದ್ದಿದ್ರೆ ನಾನು ವೆಲ್ಡಿಂಗೇ ಮಾಡಿಸ್ತಿದ್ದೆ.

ಎಂ-ಸೀಲ್ ಬಗ್ಗೆ ಸಣ್ಣದಾಗಿ. ಅದು ಅಂಟಲ್ಲ, ತುಂಬೋ ಹಿಟ್ಟು. ಎರಡು ಬಣ್ಣದ ಉಂಡೆ ಕಲಸಿ ಒಂದೇ ಬಣ್ಣ ಬರೋವರೆಗೆ ನಾದಿ, ಪೈಪಿನ ಸೋರಿಕೆ, ತಗಡಿನ ತೂತು, ಡ್ರಮ್ಮಿನ ಬುಡ ಇದಕ್ಕೆಲ್ಲ ಚಿನ್ನ. ಅದೇ ಹಿಟ್ಟಲ್ಲಿ ಎರಡು ಕಬ್ಬಿಣ ಕೂಡಿಸಿ ಭಾರ ಹಾಕೋದು ಸರಿಯಲ್ಲ, ಹಿಟ್ಟು ಲೋಹದ ಗೀರಿನೊಳಗೆ ಹರಿಯಲ್ಲ.

ಇಡೀ ವರ್ಷದಲ್ಲಿ ದುಡ್ಡಿಗೆ ಸರಿಯಾಗಿ ಕೆಲಸ ಮಾಡಿದ್ದು ಯಾವ್ದು ಅಂತ ಕೇಳಿದ್ರೆ ಮೇಲಿಂದು ಯಾವ್ದೂ ಅಲ್ಲ, ಲಾಕ್‌ಟೈಟ್ 243 ಅನ್ನೋ ನೀಲಿ ದ್ರವ. ಬೋಲ್ಟಿನ ಮರೆಗೆ, ಅಂದ್ರೆ ನಟ್ ತಿರುಗೋ ಗೀರಿಗೆ, ಎರಡು ತೊಟ್ಟು ಹಾಕಿ ನಟ್ ಬಿಗಿಯೋದು. ಕಳೆ ಕೊಚ್ಚೋ ಮಷಿನ್ ಇರೋರಿಗೆ ಗೊತ್ತು, ಅದುರಿ ಅದುರಿ ವಾರಕ್ಕೊಂದು ಬೋಲ್ಟ್ ಗಿಡದ ಬುಡದಲ್ಲಿ ಕಳೆದೋಗುತ್ತೆ, ಆಮೇಲೆ ಆ ಸೈಜಿನ ಬೋಲ್ಟ್ ಹುಡುಕಿ ಪೇಟೆಗೆ ಅರ್ಧ ದಿನ. ಇದನ್ನ ಹಾಕಿದ ಮೇಲೆ ಒಂದೂ ಬಿದ್ದಿಲ್ಲ. ಇದರ ಕೆಲಸ ಬೇರೆ ಅಂಟುಗಳಿಗೆ ಉಲ್ಟಾ, ಗಾಳಿ ಇದ್ದಷ್ಟು ಹೊತ್ತು ದ್ರವವಾಗೇ ಇರುತ್ತೆ, ಲೋಹದ ಮಧ್ಯೆ ಗಾಳಿ ಸಿಗದ ಸಂದಿಗೆ ಹೋದ ಮೇಲೆ ಗಟ್ಟಿಯಾಗೋಕೆ ಶುರುವಾಗುತ್ತೆ. ಆನ್‌ಲೈನ್ ರಿವ್ಯೂಲಿ ತುಂಬಾ ಜನ "ಬಾಟ್ಲಿ ಅರ್ಧನೇ ಇದೆ, ಮೋಸ" ಅಂತ ಬೈದಿರ್ತಾರೆ. ಮೋಸ ಅಲ್ಲ, ಪೂರ್ತಿ ತುಂಬಿದ್ರೆ ಗಾಳಿ ಸಿಗದೆ ಬಾಟ್ಲಿಯೊಳಗೇ ಗಟ್ಟಿಯಾಗುತ್ತೆ, ಅದಕ್ಕೇ ಗಾಳಿ ಬಿಟ್ಟು ತುಂಬ್ತಾರೆ, ಬಾಟ್ಲಿ ಪ್ಲಾಸ್ಟಿಕ್ಕೂ ಗಾಳಿ ಆಡೋ ಅಂಥದ್ದೇ ಇರುತ್ತೆ. ಎಷ್ಟು ಎಂಎಲ್ ಅಂತ ಬರ್ದಿದೆಯೋ ಅಷ್ಟು ಇದ್ಯಾ ಅಂತ ನೋಡಿದ್ರೆ ಸಾಕು. ನೀಲಿ ಇದ್ರೆ ಸಾಮಾನ್ಯ ಸ್ಪ್ಯಾನರಲ್ಲಿ ಬಿಚ್ಚಬಹುದು. 271 ಅಂತ ಕೆಂಪು ಬರುತ್ತೆ, ಅದನ್ನ ಬಿಚ್ಚೋಕೆ 250 ಡಿಗ್ರಿ ಹತ್ರ ಕಾಯಿಸ್ಬೇಕು, ದಿನಾ ಬಿಚ್ಚಿ ಹಾಕೋ ಜಾಗಕ್ಕೆ ಕೆಂಪು ಹಾಕಿ ಒದ್ದಾಡ್ಬೇಡಿ. ಸ್ಟೀಲ್ ಬೋಲ್ಟ್, ಅಂದ್ರೆ ತುಕ್ಕು ಹಿಡಿಯದ ಸ್ಟೇನ್‌ಲೆಸ್‌ಗೆ ಗಟ್ಟಿಯಾಗೋದು ನಿಧಾನ, ಒಂದು ದಿನ ಪೂರ್ತಿ ಬಿಡಿ. ಪ್ಲಾಸ್ಟಿಕ್ ಕವರ್ ಮೇಲೆ ಬೀಳಿಸ್ಬೇಡಿ, ಕೆಲವು ಜಾತಿ ಪ್ಲಾಸ್ಟಿಕ್ ಬಿರುಕು ಬಿಡುತ್ತೆ. ಐದಕ್ಕೆ ಐದು.

ಕೊಳ್ಳುವಾಗ ಟ್ಯೂಬ್ ಮೇಲಿನ ತಾರೀಕು ನೋಡಿ, ನಮ್ಮ ಊರಿನ ಸಣ್ಣ ಅಂಗಡೀಲಿ ಮಾಲು ಬೇಗ ಖಾಲಿಯಾಗಲ್ಲ. ರೆಸಿನ್ ಟ್ಯೂಬ್ ಚಳೀಲಿ ಜೇನು ಹರಳುಗಟ್ಟಿದ ಹಾಗೆ ಬೆಳ್ಳಗೆ ಗಟ್ಟಿಯಾಗಿದ್ರೆ ಹಾಳಾಗಿದೆ ಅಂತ ಬಿಸಾಕ್ಬೇಡಿ, ಮುಚ್ಚಳ ಬಿಗಿದು 50-60 ಡಿಗ್ರಿ ಬಿಸಿನೀರಲ್ಲಿ ಸ್ವಲ್ಪ ಹೊತ್ತು ಇಟ್ರೆ ಮತ್ತೆ ತಿಳಿಯಾಗುತ್ತೆ. ಗ್ಲೌಸ್ ಹಾಕ್ಕೊಳ್ಳಿ, ರಬ್ಬರ್ ಥರದ್ದು, ಹಸಿ ಎಪಾಕ್ಸಿ ಮತ್ತೆ ಮತ್ತೆ ಚರ್ಮಕ್ಕೆ ತಾಗಿದ್ರೆ ಅಲರ್ಜಿ ಬರುತ್ತೆ, ಒಂದ್ಸಲ ಬಂದ್ರೆ ಆಮೇಲೆ ಜೀವಮಾನ ಪೂರ್ತಿ ಎಪಾಕ್ಸಿ ಕಂಡ್ರೆ ಆಗಲ್ಲ.

ಯಾವ್ದಕ್ಕೆ ಅಂಟು ಹಾಕ್ಲೇಬಾರ್ದು ಅನ್ನೋದನ್ನ ಗಟ್ಟಿಯಾಗಿ ಹೇಳ್ಬೇಕು. ಕುಕ್ಕರ್ ಬೇಡ. ಬ್ರೇಕು, ಸ್ಟೇರಿಂಗ್ ಬೇಡ. ಸ್ಪ್ರೇಯರ್‌ನಲ್ಲಿ ಒತ್ತಡ ತುಂಬೋ ಭಾಗ ಬೇಡ. ನಮ್ಮ ಕಡೆ ಎಷ್ಟೋ ಮನೇಲಿ ಕೋವಿ ಇದೆ, ಅದರ ನಳಿಗೆ ಕಡೆ ಅಂಟು ತಗೊಂಡು ಹೋಗ್ಲೇಬೇಡಿ, ಕೋವಿಗೆ ಸಂಬಂಧಪಟ್ಟ ಏನೇ ಆದ್ರೂ ಲೈಸೆನ್ಸ್ ಇರೋ ರಿಪೇರಿಯವರ ಹತ್ರನೇ.

ಫೆಬ್ರವರೀಲಿ ಮೆಣಸು ಕುಯ್ಲು ಶುರುವಾದಾಗ ನಮ್ಮ ಅಲ್ಯುಮಿನಿಯಂ ಏಣಿಯ ಮೇಲಿಂದ ನಾಲ್ಕನೇ ಮೆಟ್ಟಿಲು ಬುಡದಲ್ಲಿ ಸಡಿಲ ಆಗಿತ್ತು. ಸ್ಪ್ರೇಯರ್ ಕಾಲು, ಪಲ್ಪರ್ ಕಿವಿ ನಿಂತಿದ್ದನ್ನ ಎಲ್ಲರೂ ನೋಡಿದ್ರು, ನಮ್ಮ ಮೇಸ್ತ್ರಿ ಬಂದು, "ಅಕ್ಕ, ಆ ಕಪ್ಪು ಅಂಟು ಸ್ವಲ್ಪ ಹಾಕಿ ಕೊಡಿ, ನಾಳೆ ಬೆಳಿಗ್ಗೆ ಹತ್ತೋಕಾಗುತ್ತೆ, ಇಲ್ಲಾಂದ್ರೆ ಇಬ್ಬರು ಆಳು ಸುಮ್ನೆ ಕೂರ್ಬೇಕು" ಅಂದ್ರು. ಅವ್ರು ಹೇಳಿದ್ದು ತೋಟದ ಒಳ್ಳೇದಕ್ಕೇ. ನಾನು ಅಂದೆ, "ಅಣ್ಣ, ಮಷಿನ್ ಕಾಲು ಬಿಟ್ಕೊಂಡ್ರೆ ಮಷಿನ್ ವಾಲುತ್ತೆ, ಆಫ್ ಮಾಡ್ತೀವಿ. ಇದು ಬಿಟ್ಕೊಂಡ್ರೆ ಮೂವತ್ತು ಅಡಿ ಮೇಲೆ ನಿಂತಿರೋರು ನೀವು." ಅಂಟು ಹಾಕಿದ ಜಾಗ ಒಳಗೆ ಪೂರ್ತಿ ಹಿಡಿದಿದ್ಯಾ ಇಲ್ವಾ ಅಂತ ಹೊರಗಿಂದ ಕಣ್ಣಲ್ಲಿ ನೋಡಿ ಹೇಳೋಕೆ ಯಾರಿಗೂ ಆಗಲ್ಲ, ಆ ಬೋಳು ಮುಖ ಕಾಣೋದು ಮುರಿದ ಮೇಲೇನೇ. ಮತ್ತೆ ಆ ಮೆಟ್ಟಿಲ ಮೇಲೆ ಬೀಳೋ ಭಾರ ಅಂಚಿಂದ ಎಬ್ಬಿಸೋ ಥರದ್ದೇ, ಒಂದು ಹೆಜ್ಜೆ ಇಟ್ಟಾಗಲೆಲ್ಲ.

ಎರಡು ದಿನ ಕುಯ್ಲು ನಿಲ್ಸಿದ್ವಿ, ಬೇರೆ ಏಣಿ ತಂದ್ವಿ. ಹಳೇದನ್ನ ಗುಜರಿಗೆ ಹಾಕಿದ್ರೆ ಇನ್ಯಾರೋ ತಗೊಂಡು ಹತ್ತಿಬಿಡ್ತಾರೆ ಅಂತ ಮೇಸ್ತ್ರಿಯವ್ರೇ ಹ್ಯಾಕ್ಸಾ ತಂದು ಅದನ್ನ ಮೂರು ತುಂಡು ಮಾಡಿದ್ರು. ಅದರಲ್ಲಿ ಒಂದು ತುಂಡಿಂದ ಕತ್ತರಿಸಿದ ಪಟ್ಟಿ ಈಗ ಸ್ಪ್ರೇಯರ್‌ನ ಇನ್ನೊಂದು ಕಾಲಿಗೆ ಮುಂಚಿತವಾಗೇ ಕೊಟ್ಟಿದೀವಿ, ಅದೂ ಬುಡದಲ್ಲಿ ಬೆಳ್ಳಗಾಗೋಕೆ ಶುರುವಾಗಿತ್ತು.